ಸಾಕು ಅನ್ನುವವರು ಯಾರು?

ದೊಡ್ಡಮ್ಮ ಊಟ ಮುಗಿಸಿ, ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಅವರ ತಟ್ಟೆಯನ್ನು ನಾನೇ ಸಿಂಕಿಗೆ ಹಾಕಿ ಬಂದಿದ್ದೆ. ಟೀವಿಯಲ್ಲಿ ಜಾಹೀರಾತು ಮುಗಿಯುವಷ್ಟರಲ್ಲಿ ನನ್ನ ಕಡೆ ತಿರುಗಿ, "ಏನೋ, ಇವತ್ತು ನನಗೆ ಊಟ ಹಾಕೋ ಯೋಚನೆ ಇಲ್ವಾ?" ಅಂದರು. ತಮಾಷೆ ಅಂದುಕೊಂಡೆ. "ಈಗ ತಾನೇ ಮಾಡಿದ್ರಲ್ಲ ದೊಡ್ಡಮ್ಮ" ಅಂದೆ. ಅವರ ಮುಖ ಸಪ್ಪಗಾಯಿತು. "ಸುಳ್ಳು ಯಾಕೆ ಹೇಳ್ತೀಯ? ಬೇಡ ಅನ್ನೋದಾದ್ರೆ ಬೇಡ ಅನ್ನು" ಅಂದರು. ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ. ಸ್ವಲ್ಪ ಬಡಿಸಿಕೊಟ್ಟೆ. ಶಾಸ್ತ್ರಕ್ಕೆ ಒಂದು ತುತ್ತು ತಿಂದು ಬಿಡುತ್ತಾರೆ ಅಂದುಕೊಂಡರೆ, ಹಸಿದವರ ಹಾಗೆಯೇ ತಿಂದು ಮುಗಿಸಿದರು.

ಮರೆವಿನ ಕಾಯಿಲೆ ಇರುವ ಹಿರಿಯರ ಜೊತೆ ಬದುಕಿದವರಿಗೆ ಇದು ಹೊಸದೇನಲ್ಲ. ಆದರೆ ನನ್ನನ್ನು ಆಮೇಲೂ ಕೊರೆಯುತ್ತಿದ್ದದ್ದು ಬೇರೆ ಪ್ರಶ್ನೆ. ಮರೆತದ್ದು ತಲೆ. ಹೊಟ್ಟೆಗೆ ಯಾವ ಕಾಯಿಲೆಯೂ ಇರಲಿಲ್ಲ. ಅದು ತುಂಬಿಯೇ ಇತ್ತು. ಹಾಗಿದ್ದರೆ ಅದು ಯಾಕೆ ಸುಮ್ಮನಿತ್ತು? ಹೊಟ್ಟೆ ತುಂಬಿದರೆ ಸಾಕು ಅನ್ನಿಸುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಕೊಡ ತುಂಬಿದ ಮೇಲೆ ನೀರು ಹೊರಗೆ ಚೆಲ್ಲುತ್ತದಲ್ಲ, ಅಷ್ಟೇ ಸರಳ ಲೆಕ್ಕ ಅಂತ. ಆ ರಾತ್ರಿಯಿಂದ ನನಗೆ ಈ ಲೆಕ್ಕದ ಮೇಲೆ ಅನುಮಾನ. ಅದನ್ನೇ ಹಿಡಿದು ಅಲ್ಲಿ ಇಲ್ಲಿ ಓದುತ್ತಾ ಹೋದೆ. ದೇಹಶಾಸ್ತ್ರದಿಂದ ಶುರುವಾಗಿ ಮನಶ್ಶಾಸ್ತ್ರ, ಅರ್ಥಶಾಸ್ತ್ರ, ಬಿದಿರು, ಇಲಿ ಅಂತ ಎಲ್ಲೆಲ್ಲಿಗೋ ಹೋಯಿತು.

ಹೊಟ್ಟೆಯ ಮಾತು

ಮೊದಲು ಬಾಯಿಯ ವಿಷಯ. ರುಚಿ ನೋಡಿ, ಅಗಿದು, ನುಂಗಿದರೆ ಸಾಕಾಗುತ್ತದಾ? ಇಲ್ಲ. ರಷ್ಯಾದ ಪಾವ್ಲೊವ್ ಅಂದ ತಕ್ಷಣ ಎಲ್ಲರಿಗೂ ಗಂಟೆ ಮತ್ತು ಜೊಲ್ಲು ನೆನಪಾಗುತ್ತದೆ. ಆದರೆ 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಅವರ ಪ್ರಯೋಗಾಲಯದಲ್ಲಿ ನಾಯಿಯ ಅನ್ನನಾಳವನ್ನು ಕುತ್ತಿಗೆಯ ಹತ್ತಿರ ಕತ್ತರಿಸಿ ಹೊರಕ್ಕೆ ತಿರುಗಿಸಿದ್ದರು. ನಾಯಿ ತಿಂದದ್ದು ಹೊಟ್ಟೆಗೆ ಹೋಗದೆ ಕುತ್ತಿಗೆಯಿಂದಲೇ ಹೊರಗೆ ಬೀಳುತ್ತಿತ್ತು. ನಾಯಿ ತಿನ್ನುತ್ತಲೇ ಇರುತ್ತಿತ್ತು, ಗಂಟೆಗಟ್ಟಲೆ. ಓದುವುದಕ್ಕೇ ಹಿಂಸೆಯಾಗುತ್ತದೆ, ನಿಜ. ಆದರೆ ಬಾಯಿಗೆ ಸಾಕು ಅನ್ನುವ ಅಧಿಕಾರ ಇಲ್ಲ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ನೊಣದ ಕತೆ. ಅಮೆರಿಕದ ವಿನ್ಸೆಂಟ್ ಡೆಥಿಯರ್ ಬದುಕಿನ ಬಹುಪಾಲನ್ನು ನೊಣ ಹೇಗೆ ತಿನ್ನುತ್ತದೆ ಅಂತ ನೋಡುವುದರಲ್ಲೇ ಕಳೆದ ವಿಜ್ಞಾನಿ. ನೊಣ ರುಚಿ ನೋಡುವುದು ಕಾಲಿನಲ್ಲಿ. ಸಕ್ಕರೆ ನೀರಿನ ಮೇಲೆ ಕಾಲಿಟ್ಟ ಕೂಡಲೇ ಅದರ ಸೊಂಡಿಲು ತಾನಾಗಿ ಕೆಳಗೆ ಚಾಚುತ್ತದೆ. ಕುಡಿಯುತ್ತದೆ, ಒಂದು ಹಂತದಲ್ಲಿ ನಿಲ್ಲಿಸುತ್ತದೆ. ಅನ್ನನಾಳದ ಹಿಗ್ಗುವಿಕೆಯನ್ನು ಮಿದುಳಿಗೆ ತಿಳಿಸುವ ಒಂದು ಸಣ್ಣ ನರ ಇದೆ. ಡೆಥಿಯರ್ ಅದನ್ನು ಕತ್ತರಿಸಿದರು. ಆಮೇಲೆ ಆ ನೊಣ ನಿಲ್ಲಿಸಲೇ ಇಲ್ಲ. ಹೊಟ್ಟೆ ಊದಿ, ಪಾರದರ್ಶಕವಾಗಿ, ಒಡೆದು ಹೋಗುವಷ್ಟಾದರೂ ಕುಡಿಯುತ್ತಲೇ ಇತ್ತು. ಹೊಟ್ಟೆ ತುಂಬಿತ್ತು, ಸಕ್ಕರೆಯೂ ಒಳಗೇ ಇತ್ತು. ಇಲ್ಲದಿದ್ದದ್ದು ಸುದ್ದಿ ಮುಟ್ಟಿಸುವ ಆ ಒಂದು ಎಳೆ.

ನಮ್ಮಲ್ಲಿ ಇಂಥ ಸುದ್ದಿಗಾರರು ಹಲವರು. ಜಠರ ಹಿಗ್ಗಿದ್ದನ್ನು ವೇಗಸ್ ನರ ಮಿದುಳಿಗೆ ಹೇಳುತ್ತದೆ. ಸಣ್ಣ ಕರುಳು ಕೊಲೆಸಿಸ್ಟೊಕೈನಿನ್ ಅನ್ನುವ ಹಾರ್ಮೋನು ಬಿಡುತ್ತದೆ. ಅದನ್ನು ಇಲಿಗಳಿಗೆ ಚುಚ್ಚಿದರೆ ಊಟ ಬೇಗ ನಿಲ್ಲಿಸುತ್ತವೆ ಅಂತ 1973ರಲ್ಲಿ ಗಿಬ್ಸ್, ಯಂಗ್, ಸ್ಮಿತ್ ತೋರಿಸಿದರು. ಕೊಬ್ಬಿನ ಕೋಶಗಳು ಕಳಿಸುವ ಲೆಪ್ಟಿನ್ ಅನ್ನುವ ಹಾರ್ಮೋನು 1994ರಲ್ಲಿ ಸಿಕ್ಕಿತು. ಪಟ್ಟಿ ಇನ್ನೂ ಉದ್ದ ಇದೆ, ಬಿಡಿ. ನನಗೆ ಮುಖ್ಯ ಅನ್ನಿಸಿದ್ದು ಇವೆಲ್ಲ ಕೆಲಸ ಮಾಡುವ ಸಮಯ. ತಿಂದದ್ದು ಜೀರ್ಣವಾಗಿ ರಕ್ತಕ್ಕೆ ಸೇರುವುದಕ್ಕೆ ಗಂಟೆಗಳು ಬೇಕು. ನಾವು ಏಳುವುದು ಅರ್ಧ ಗಂಟೆಯೊಳಗೆ. ನೀರಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬಾಯಾರಿದಾಗ ಒಂದು ಲೋಟ ಕುಡಿದು 'ಹಾ' ಅನ್ನುತ್ತೀವಲ್ಲ, ಆಗ ಆ ನೀರು ರಕ್ತಕ್ಕೆ ಇನ್ನೂ ಹೋಗಿಯೇ ಇರುವುದಿಲ್ಲ. 2015ರಲ್ಲಿ ಜಾಕರಿ ನೈಟ್ ಅವರ ಪ್ರಯೋಗಾಲಯದವರು ಹಸಿದ ಇಲಿಯ ಮಿದುಳಿನಲ್ಲಿ ಹಸಿವಿನ ನರಕೋಶಗಳನ್ನು ಗಮನಿಸುತ್ತಿದ್ದರು. ಆಹಾರ ಎದುರಿಗೆ ಬಂದ ಕೆಲವೇ ಸೆಕೆಂಡುಗಳಲ್ಲಿ, ಇಲಿ ಬಾಯಿ ಹಾಕುವ ಮೊದಲೇ, ಅವು ತಣ್ಣಗಾದವು. ಆಹಾರ ತೆಗೆದರೆ ಮತ್ತೆ ಶುರು.

ಅಂದರೆ ಸಾಕು ಅನ್ನುವುದು ಒಂದು ಅಂದಾಜು. ಇಷ್ಟು ಒಳಗೆ ಹೋಗಿದೆ, ಇನ್ನು ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಅನ್ನುವ ಭರವಸೆ. ಈ ಅಂದಾಜಿನಲ್ಲಿ ನೆನಪಿಗೂ ದೊಡ್ಡ ಪಾಲಿದೆ. 1998ರಲ್ಲಿ ಪಾಲ್ ರೋಜಿನ್ ಮತ್ತು ಜೊತೆಗಾರರು ತೀವ್ರ ಮರೆವಿನ ಇಬ್ಬರು ರೋಗಿಗಳಿಗೆ ಊಟ ಕೊಟ್ಟರು. ಹತ್ತರಿಂದ ಮೂವತ್ತು ನಿಮಿಷ ಬಿಟ್ಟು ಮತ್ತೆ ಊಟ ತಂದಿಟ್ಟರು. ಅವರು ಎರಡನೇ ಊಟವನ್ನೂ ಮಾಡಿದರು. ಹೆಚ್ಚಿನ ಸಲ ಮೂರನೆಯದಕ್ಕೂ ಕೈ ಹಾಕಿದರು. ಇದನ್ನು ಓದಿದಾಗ ದೊಡ್ಡಮ್ಮ ಕಣ್ಣಮುಂದೆ ಬಂದರು. ನಾವು ಎರಡನೇ ತಟ್ಟೆಗೆ ಬೇಡ ಅನ್ನುವುದರಲ್ಲಿ ಎಷ್ಟು ಹೊಟ್ಟೆಯದ್ದು, ಎಷ್ಟು 'ಈಗ ತಾನೇ ಊಟ ಆಯ್ತು' ಅನ್ನುವ ತಿಳಿವಳಿಕೆಯದ್ದು?

ಇದು ಸಾಕು, ಅದು ಕೊಡಿ

ಇಂಥದೇ ಮರೆವಿನ ರೋಗಿಗಳ ಮೇಲೆ 2008ರಲ್ಲಿ ಸುಜಾನ್ ಹಿಗ್ಸ್ ಮತ್ತಿತರರು ಮಾಡಿದ ಇನ್ನೊಂದು ಅಧ್ಯಯನ ಇದೆ. ಊಟದ ಮೇಲೆ ಊಟ ಮಾಡುವ ಈ ಜನರಿಗೂ, ಈಗ ತಿಂದ ಪದಾರ್ಥದ ರುಚಿ ಮಾತ್ರ ಇಳಿದಿತ್ತು. ತಿನ್ನದೆ ಬಿಟ್ಟದ್ದರ ರುಚಿ ಹಾಗೆಯೇ ಇತ್ತು. ತಿಂದದ್ದು ನೆನಪಿಲ್ಲ, ಆದರೆ ನಾಲಿಗೆಗೆ ಅದು ಬೇಸರವಾಗಿದೆ. ಅಂದರೆ ಸಾಕು ಅನ್ನುವ ಧ್ವನಿಗಳು ನಮ್ಮೊಳಗೆ ಕನಿಷ್ಠ ಎರಡಿವೆ. ಒಂದು 'ಊಟ ಆಯಿತು' ಅನ್ನುತ್ತದೆ. ಇನ್ನೊಂದು 'ಇದು ಸಾಕು' ಅನ್ನುತ್ತದೆ, ಅಷ್ಟೇ.

ಈ ಎರಡನೆಯದನ್ನು ಬಾರ್ಬರಾ ರೋಲ್ಸ್ ಮತ್ತು ಎಡ್ಮಂಡ್ ರೋಲ್ಸ್ 1980ರ ಆಸುಪಾಸಿನಲ್ಲಿ ಚೆನ್ನಾಗಿ ಬಿಡಿಸಿ ತೋರಿಸಿದರು. ಒಂದೇ ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗ ತಿಂದದ್ದಕ್ಕಿಂತ, ನಾಲ್ಕು ಬಗೆಯದ್ದು ಕೊಟ್ಟಾಗ ಜನ ಸುಮಾರು ಮೂರನೇ ಒಂದು ಪಾಲು ಜಾಸ್ತಿ ತಿಂದರು. ಕೋತಿಗಳ ಮಿದುಳಿನಲ್ಲೂ ಇದೇ ಕಂಡಿತು. ಗ್ಲೂಕೋಸ್ ನೀರನ್ನು ಸಾಕಪ್ಪಾ ಅನ್ನುವಷ್ಟು ಕುಡಿಸಿದ ಮೇಲೆ ಕೆಲವು ನರಕೋಶಗಳು ಗ್ಲೂಕೋಸಿಗೆ ಪೂರ್ತಿ ಸುಮ್ಮನಾದವು. ಹಣ್ಣಿನ ರಸದ ಒಂದು ಹನಿ ಹಾಕಿದರೆ ಮತ್ತೆ ಚುರುಕಾದವು. ಊಟ ಮುಗಿದು ಬೆಲ್ಟು ಸಡಿಲಿಸಿದ ಮೇಲೂ ಸಿಹಿಗೆ ಜಾಗ ಸಿಗುತ್ತದಲ್ಲ, ಅದು ದುರಾಸೆಯಲ್ಲ. ಹೊಟ್ಟೆಯ ಬಗ್ಗೆ ಕೇಳಿದ ಪ್ರಶ್ನೆಗೆ ನಾಲಿಗೆ ಉತ್ತರ ಕೊಡುತ್ತಿದೆ. ಅದೇ ಸಿಹಿಯನ್ನು ನಾಲ್ಕನೇ ಸಲ ಹಾಕಿಸಿಕೊಂಡರೆ ಮುಖಕ್ಕೆ ಹೊಡೆಯುತ್ತದೆ.

ಇದು ನಾಲಿಗೆಗೆ ಮಾತ್ರ ಸೇರಿದ್ದಲ್ಲ. ನನಗೆ ಪ್ರಾಣವಾಗಿದ್ದ ಒಂದು ಹಾಡನ್ನು ಸುಮ್ನೆ ರಿಪೀಟಿಗೆ ಹಾಕಿ ನಾನೇ ಕೊಂದಿದ್ದೇನೆ. ಸಾಹಿತ್ಯ ಅದೇ, ರಾಗ ಅದೇ. ಕಿವಿಗೆ ಬೀಳುತ್ತದೆ, ಆದರೆ ಒಳಗೆ ಇಳಿಯುವುದಿಲ್ಲ. ಮಾತಿಗೂ ಹೀಗೇ ಆಗುತ್ತದೆ. ಯಾವುದಾದರೂ ಒಂದು ಪದ ಹಿಡಿಯಿರಿ, 'ಮೇಜು' ಅಂತಲೇ ಇಟ್ಟುಕೊಳ್ಳಿ. ಬಿಡದೆ ಗಟ್ಟಿಯಾಗಿ ಹೇಳುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಮೇಜು ಕರಗಿ ಬರೀ ಬಾಯಿಯ ಕಸರತ್ತು ಉಳಿಯುತ್ತದೆ. 1907ರಲ್ಲೇ ಎಲಿಜಬೆತ್ ಸೆವೆರೆನ್ಸ್ ಮತ್ತು ಮಾರ್ಗರೆಟ್ ವಾಷ್‌ಬರ್ನ್ ಅಚ್ಚಾದ ಪದಗಳನ್ನೇ ದಿಟ್ಟಿಸಿ ನೋಡಿಸಿ ಇದನ್ನು ದಾಖಲಿಸಿದ್ದರು. 1962ರಲ್ಲಿ ಲಿಯಾನ್ ಜಾಕೊಬೊವಿಟ್ಸ್ ಇದರ ಮೇಲೆ ಪಿಎಚ್‌ಡಿ ಪ್ರಬಂಧ ಬರೆದರು. ಅವರು ಇದನ್ನು ಕರೆದದ್ದು ಅರ್ಥದ ತೃಪ್ತಿ ಅಂತಲೇ. ಹಾಡು ಸತ್ತರೆ ಬೇರೆ ಹಾಡು ಕೇಳಬಹುದು. ಮೇಜು ಕರಗಿದರೂ ಕುರ್ಚಿ ಗಟ್ಟಿಯಾಗಿಯೇ ಇರುತ್ತದೆ. ಇಲ್ಲೂ 'ಇದು ಸಾಕು' ಮಾತ್ರ.

ಇದನ್ನೇ ಚಿಕಿತ್ಸೆಯಾಗಿ ಬಳಸಿದ್ದೂ ಉಂಟು. 1963ರಲ್ಲಿ ಟಿಯೊಡೊರೊ ಆಯ್ಲಾನ್ ಒಬ್ಬ ಮಹಿಳಾ ರೋಗಿಯ ಬಗ್ಗೆ ಬರೆದರು. ಆಕೆ ಮಾನಸಿಕ ಆಸ್ಪತ್ರೆಯಲ್ಲಿ ವರ್ಷಗಳಿಂದ ಟವೆಲ್ ಕದ್ದು ಕೋಣೆಯಲ್ಲಿ ಕೂಡಿಡುತ್ತಿದ್ದರು. ನರ್ಸುಗಳು ತೆಗೆದುಕೊಂಡು ಹೋಗುವುದು, ಆಕೆ ಮತ್ತೆ ತರುವುದು. ಆಯ್ಲಾನ್ ಉಲ್ಟಾ ಮಾಡಿಸಿದರು. ತೆಗೆಯುವುದನ್ನು ನಿಲ್ಲಿಸಿ, ನರ್ಸುಗಳೇ ದಿನಾ ಆಕೆಗೆ ಟವೆಲ್ ಕೊಡತೊಡಗಿದರು. ಮೊದಲು ಕೆಲವು, ಆಮೇಲೆ ಜಾಸ್ತಿ ಜಾಸ್ತಿ. ಆಕೆ ಮೊದಮೊದಲು ಖುಷಿಯಿಂದ ಮಡಿಸಿ ಜೋಡಿಸಿದರು. ಕೋಣೆಯಲ್ಲಿ 625 ಟವೆಲ್ ಸೇರಿದಾಗ ತಾವೇ ಒಂದೊಂದಾಗಿ ಹೊರಗೆ ಹಾಕಲು ಶುರುಮಾಡಿದರು. ಮುಂದೆ ಆ ಕೂಡಿಡುವ ಚಟ ಮರಳಲಿಲ್ಲ. ಪಠ್ಯಪುಸ್ತಕಗಳಲ್ಲಿ ಇದು ತೃಪ್ತಿಯ ಅಚ್ಚುಕಟ್ಟಾದ ಉದಾಹರಣೆ. ನನಗೆ ಅಷ್ಟು ನಂಬಿಕೆ ಇಲ್ಲ. ರಾತ್ರಿಯೆಲ್ಲ ಕೂತು ಟವೆಲ್ ಮಡಿಸುವುದಕ್ಕಾಗುವುದಿಲ್ಲ ಅಂತ ಆಕೆ ಗೊಣಗುತ್ತಿದ್ದರಂತೆ. ಅದು ಆಸೆ ತೀರಿದವರ ಮಾತಾ, ಕೆಲಸ ಹೆಚ್ಚಾದವರ ಮಾತಾ? ಕಾಲಿಡಲು ಜಾಗವಿಲ್ಲದ ಕೋಣೆಯಲ್ಲಿ ಯಾರಿಗಾದರೂ ಸಾಕಾಗುತ್ತದೆ. ಆಕೆ ಟವೆಲಿನಲ್ಲಿ ಏನು ಹುಡುಕುತ್ತಿದ್ದರು ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಹಣಕ್ಕೆ ರುಚಿ ಇಲ್ಲ

ಅರ್ಥಶಾಸ್ತ್ರಕ್ಕೆ ಬಂದಾಗ ನನಗೆ ಗೊಂದಲವಾಯಿತು. ಒಂದು ಕಡೆ, ತೃಪ್ತಿಯ ಮೇಲೆಯೇ ಈ ಶಾಸ್ತ್ರದ ಅರ್ಧ ಕಟ್ಟಡ ನಿಂತಿದೆ. ಇದ್ದವನಿಗಿಂತ ಇಲ್ಲದವನಿಗೆ ಅದೇ ಒಂದು ನಾಣ್ಯ ದೊಡ್ಡದು ಅನ್ನುವುದಕ್ಕೆ ಡೇನಿಯಲ್ ಬರ್ನೂಲಿ 1738ರಲ್ಲೇ ಗಣಿತದ ರೂಪ ಕೊಟ್ಟಿದ್ದರು. ಜರ್ಮನಿಯ ಗೊಸೆನ್ 1854ರಲ್ಲಿ ಅದನ್ನು ನಿಯಮವಾಗಿ ಬರೆದರು. ಯಾವುದೇ ಸುಖವನ್ನು ಬಿಡದೆ ಅನುಭವಿಸುತ್ತಾ ಹೋದರೆ ಅದು ಇಳಿಯುತ್ತಾ ಹೋಗಿ ಕೊನೆಗೆ ತಣಿಯುತ್ತದೆ ಅಂತ. ಪಾಪ, ಅವರ ಪುಸ್ತಕವನ್ನು ಯಾರೂ ಕೊಳ್ಳಲಿಲ್ಲ. ಸಾಯುವ ಮೊದಲು 1858ರಲ್ಲಿ ಉಳಿದ ಪ್ರತಿಗಳನ್ನು ವಾಪಸ್ ತರಿಸಿಕೊಂಡು ನಾಶಮಾಡಿದರು. ಇಪ್ಪತ್ತು ವರ್ಷದ ಮೇಲೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ ಅವರಿಗೆ ಆ ಪುಸ್ತಕದ ಸುದ್ದಿ ತಲುಪಿ, ನನಗಿಂತ ಮೊದಲೇ ಇವರು ಹೇಳಿದ್ದಾರೆ ಅಂತ ಒಪ್ಪಿಕೊಂಡರು.

ಇನ್ನೊಂದು ಕಡೆ, ಅದೇ ಶಾಸ್ತ್ರದ ಕ್ಲಾಸಿನಲ್ಲಿ ಮೊದಲ ವಾರವೇ ಕಲಿಸುವ ಒಂದು ಊಹೆ ಇದೆ. ಮನುಷ್ಯನಿಗೆ ಎಷ್ಟಿದ್ದರೂ ಇನ್ನೂ ಸ್ವಲ್ಪ ಇದ್ದರೆ ಒಳ್ಳೆಯದು, ತೃಪ್ತಿಗೆ ಕೊನೆಯೇ ಇಲ್ಲ ಅಂತ. ಇದು ಸುಮ್ಮನೆ ಇಟ್ಟ ಮಾತಲ್ಲ. ಪೈಪೋಟಿಯ ಮಾರುಕಟ್ಟೆ ತಾನಾಗಿ ದಕ್ಷ ಹಂಚಿಕೆಗೆ, ಅಂದರೆ ಏನೂ ಪೋಲಾಗದ ಹಂಚಿಕೆಗೆ, ಬರುತ್ತದೆ ಅನ್ನುವ ಪ್ರಸಿದ್ಧ ಪ್ರಮೇಯಕ್ಕೆ ಇದರ ಒಂದು ಸೌಮ್ಯ ರೂಪವಾದರೂ ಬೇಕೇ ಬೇಕು. ಜನ ನಿಜವಾಗಿಯೂ ಸಾಕು ಅಂದುಬಿಟ್ಟರೆ ಆ ಪ್ರಮೇಯದ ಪುರಾವೆ ಕುಸಿಯುತ್ತದೆ. ಪ್ರತಿ ತುತ್ತೂ ಬೇಸರ ತರುತ್ತದೆ, ಆದರೆ ಒಟ್ಟಾರೆ ಹಸಿವು ಇಂಗುವುದೇ ಇಲ್ಲ. ಎರಡೂ ಹೇಗೆ ಸರಿ?

ರೋಲ್ಸ್ ಅವರ ಸ್ಯಾಂಡ್‌ವಿಚ್ಚೇ ಇದಕ್ಕೆ ಉತ್ತರ ಅನ್ನಿಸುತ್ತದೆ ನನಗೆ. ನಮ್ಮ ತೃಪ್ತಿ ಒಂದೊಂದು ವಸ್ತುವಿಗೆ ಅಂಟಿಕೊಂಡದ್ದು. ಹಣ ಯಾವ ವಸ್ತುವೂ ಅಲ್ಲ. ಇದು ಬೇಸರವಾದರೆ ಅದಕ್ಕೆ ಹಾರುವ ಅನುಕೂಲ, ಅಷ್ಟೇ. ಅದಕ್ಕೆ ರುಚಿ ಇಲ್ಲ, ಹಾಗಾಗಿ ಮುಖಕ್ಕೆ ಹೊಡೆಯುವುದಿಲ್ಲ. ಅದು ಸಾಕು ಅನ್ನಲು ನಮ್ಮೊಳಗೆ ಯಾವ ನರವೂ ಇಲ್ಲ, ಯಾವ ಹಾರ್ಮೋನೂ ಇಲ್ಲ. ಡೆಥಿಯರ್ ಕತ್ತರಿಸಿದ ಆ ಎಳೆ ಹಣದ ವಿಷಯದಲ್ಲಿ ಹುಟ್ಟಿಯೇ ಇಲ್ಲ. ದುಡ್ಡು ಮಾಡಿದವರನ್ನು ನೋಡಿ 'ಇಷ್ಟಿದ್ರೂ ಇವರಿಗೆ ಸಾಕಾಗಲ್ವಾ?' ಅಂತ ಕೇಳುತ್ತೇವಲ್ಲ. ಯಾವ ದಾರಿಯಿಂದ ಸಾಕಾಗಬೇಕು ಅಂತ ನಾವು ಯೋಚಿಸಿರುವುದಿಲ್ಲ.

1930ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಬರೆದ ಒಂದು ಪ್ರಬಂಧ ಇಲ್ಲಿ ನೆನಪಾಗುತ್ತದೆ. ನೂರು ವರ್ಷದಲ್ಲಿ ಜನ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತು ಅಂದಿದ್ದರು. ಉತ್ಪಾದನೆ ಎಷ್ಟು ಬೆಳೆಯುತ್ತದೆ ಅನ್ನುವ ಅವರ ಲೆಕ್ಕ ಮುಂದುವರಿದ ದೇಶಗಳಲ್ಲಿ ಹೆಚ್ಚುಕಮ್ಮಿ ನಿಜವಾಯಿತು. ದುಡಿಯುವ ಗಂಟೆ ಮಾತ್ರ ಅಷ್ಟು ಇಳಿಯಲಿಲ್ಲ. ಬೇರೆಯವರಿಗಿಂತ ಒಂದು ಮೆಟ್ಟಿಲು ಮೇಲಿರುವ ಆಸೆಗೆ ತೃಪ್ತಿ ಇಲ್ಲದೇ ಇರಬಹುದು ಅಂತ ಅದೇ ಪ್ರಬಂಧದಲ್ಲಿ ಅವರೇ ಹೇಳಿದ್ದರು. ಹೇಳಿ, ಪಕ್ಕಕ್ಕಿಟ್ಟು, ಮುಂದೆ ಹೋದರು.

ತಿನ್ನಿಸಿಕೊಳ್ಳುವವರ ಕಡೆಯಿಂದ

ಇಲ್ಲಿಯವರೆಗೆ ತಿನ್ನುವವರ ಮಾತಾಯಿತು. ಪರಿಸರ ವಿಜ್ಞಾನಿಗಳು ಇದನ್ನು ಆಚೆ ಕಡೆಯಿಂದ ನೋಡುತ್ತಾರೆ. ಅಮೆರಿಕದ ಕೆಲವು ಜೀರುಂಡೆಗಳು (ಸಿಕಾಡ) 13 ಅಥವಾ 17 ವರ್ಷ ಮಣ್ಣಿನೊಳಗೇ ಇದ್ದು, ಒಂದೇ ಬೇಸಿಗೆಯಲ್ಲಿ ಎಲ್ಲವೂ ಒಟ್ಟಿಗೆ ಮೇಲೆ ಬರುತ್ತವೆ. ಕೆಲವು ಕಡೆ ಎಕರೆಗೆ ಹತ್ತು ಲಕ್ಷಕ್ಕೂ ಮೀರಿ. ಅವಕ್ಕೆ ಕಚ್ಚುವುದು ಗೊತ್ತಿಲ್ಲ, ವಿಷವಿಲ್ಲ, ಸರಿಯಾಗಿ ತಪ್ಪಿಸಿಕೊಳ್ಳಲೂ ಬರುವುದಿಲ್ಲ. ಹಕ್ಕಿಗಳು, ಅಳಿಲುಗಳು ತಿಂದು ತಿಂದು ಸುಸ್ತಾಗುತ್ತವೆ. ಉಳಿದವು ಆರಾಮಾಗಿ ಮೊಟ್ಟೆಯಿಡುತ್ತವೆ. ಶತ್ರುವಿನ ಹೊಟ್ಟೆ ತುಂಬಿಸುವುದೇ ಅವುಗಳ ರಕ್ಷಣೆ.

ಈ ತಂತ್ರ ಬಿದಿರಿಗೂ ಗೊತ್ತು. ಆದರೆ ಅಲ್ಲಿ ಕತೆ ಕೆಟ್ಟ ತಿರುವು ತೆಗೆದುಕೊಳ್ಳುತ್ತದೆ. ಮಿಜೋರಾಂನಲ್ಲಿ ಒಂದು ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಗುಡ್ಡಗುಡ್ಡವೇ ಒಟ್ಟಿಗೆ ಹೂ ಬಿಟ್ಟು, ಕಾಯಿ ಉದುರಿಸಿ ಸಾಯುತ್ತದೆ. ಅಲ್ಲಿಯವರು ಇದನ್ನು ಮೌತಾಮ್ ಅನ್ನುತ್ತಾರೆ. ಎಲ್ಲ ಇಲಿಗಳು ಸೇರಿದರೂ ಅಷ್ಟು ಕಾಯಿ ತಿಂದು ಮುಗಿಸಲಾರವು. ಬಿದಿರಿನ ಮಟ್ಟಿಗೆ ಲೆಕ್ಕ ಸರಿಯಾಯಿತು. ಆದರೆ ಒಂದು ಇಲಿಗೆ ಹೊಟ್ಟೆ ತುಂಬಿತು ಅಂದರೆ ಇಲಿಕುಲಕ್ಕೆ ತುಂಬಿತು ಅಂತ ಅಲ್ಲ. ತುಂಬಿದ ಹೊಟ್ಟೆಯ ಇಲಿಗಳು ಮರಿ ಹಾಕುತ್ತವೆ, ಆ ಮರಿಗಳೂ ಮರಿ ಹಾಕುತ್ತವೆ. ಕಾಯಿ ಮುಗಿದ ದಿನ ಆ ದಂಡು ಭತ್ತದ ಗದ್ದೆಗೆ, ಕಣಜಕ್ಕೆ ನುಗ್ಗುತ್ತದೆ. 1959ರಲ್ಲಿ ಹೀಗಾಗಿ ಬರ ಬಿತ್ತು. ಹಸಿದವರಿಗೆ ಅಕ್ಕಿ ಹೊತ್ತು ತಲುಪಿಸಲು ಕಟ್ಟಿದ ಸಂಘಟನೆಯೇ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರಲ್ಲಿ ಬಂಡಾಯ ಎದ್ದಿತು. ಶಾಂತಿ ಒಪ್ಪಂದ ಆದದ್ದು 1986ರಲ್ಲಿ. ಒಂದೊಂದು ಹೊಟ್ಟೆಯ ತೃಪ್ತಿಯನ್ನು ಕೂಡಿಸುತ್ತಾ ಹೋದರೆ ಒಟ್ಟು ಮೊತ್ತ ತೃಪ್ತಿಯೇ ಆಗಬೇಕು ಅಂತೇನಿಲ್ಲ.

ಪರಿಸರ ವಿಜ್ಞಾನದಲ್ಲೇ ಹೊಟ್ಟೆಯ ಸುಳಿವೇ ಇಲ್ಲದ ಒಂದು ತೃಪ್ತಿಯೂ ಇದೆ. 1959ರಲ್ಲಿ ಕೆನಡಾದ ಹಾಲಿಂಗ್ ಒಂದು ಮೇಜಿನ ಮೇಲೆ ಉಪ್ಪುಕಾಗದದ ಬಿಲ್ಲೆಗಳನ್ನು ಹರಡಿ, ಕಣ್ಣು ಕಟ್ಟಿದ ಸಹಾಯಕಿಯಿಂದ ಬೆರಳಲ್ಲಿ ತಡವಿ ಹೆಕ್ಕಿಸಿದರು. ಬಿಲ್ಲೆ ಜಾಸ್ತಿಯಾದಂತೆ ನಿಮಿಷಕ್ಕೆ ಸಿಗುವುದೂ ಜಾಸ್ತಿಯಾಯಿತು. ಆದರೆ ಒಂದು ಮಟ್ಟದ ಮೇಲೆ ಏರಲಿಲ್ಲ. ಸಿಕ್ಕಿದ್ದನ್ನು ಎತ್ತಿ ಪಕ್ಕಕ್ಕಿಡುವುದಕ್ಕೂ ಹೊತ್ತು ಬೇಕಲ್ಲ. ಕಿಣ್ವಗಳ ಬಗ್ಗೆ 1913ರಲ್ಲಿ ಮೈಕೇಲಿಸ್ ಮತ್ತು ಮೆಂಟನ್ ಬರೆದ ಗೆರೆಯೂ ಇದೇ ಆಕಾರದ್ದು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಇನ್ನು ಬೇಡ ಅನ್ನುವುದೂ ಇನ್ನು ಆಗಲ್ಲ ಅನ್ನುವುದೂ. ರಾತ್ರಿ ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ನೋಡುತ್ತಾ ನಾನು ನಿಲ್ಲಿಸುವುದು ಎರಡನೇ ಕಾರಣಕ್ಕೆ. ಕಣ್ಣು ಸೋಲುತ್ತದೆ. ಬೇಕು ಅನ್ನುವುದು ಹಾಗೇ ಇರುತ್ತದೆ, ಯಾಕೆಂದರೆ ಮುಂದಿನದು ಯಾವಾಗಲೂ ಬೇರೆ ಬಗೆಯ ಸ್ಯಾಂಡ್‌ವಿಚ್ಚೇ.

ವಾರವಿಡೀ ಸಾಕು

ನನ್ನ ಈ 'ಇದು ಸಾಕು' ಸಿದ್ಧಾಂತಕ್ಕೆ ತೊಡಕು ತರುವ ಒಂದು ಸಂಗತಿ ಈಗ ಔಷಧಿ ಅಂಗಡಿಗೇ ಬಂದು ಕೂತಿದೆ. ಊಟವಾದ ಮೇಲೆ ಕರುಳು ಜಿಎಲ್‌ಪಿ-1 ಅನ್ನುವ ಹಾರ್ಮೋನು ಬಿಡುತ್ತದೆ. ರಕ್ತದಲ್ಲಿ ಅದು ಒಂದೆರಡು ನಿಮಿಷಕ್ಕೆ ಒಡೆದುಹೋಗುತ್ತದೆ. ಅದರ ಹಾಗೆಯೇ ನಟಿಸುವ ಸೆಮಾಗ್ಲುಟೈಡ್ ಅನ್ನುವ ಇಂಜೆಕ್ಷನ್ ಒಂದು ವಾರವಾದರೂ ಅರ್ಧದಷ್ಟು ಉಳಿದಿರುತ್ತದೆ. 2021ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಇದಕ್ಕೆ ಒಪ್ಪಿಗೆ ಸಿಕ್ಕಿತು. ತಲೆಯೊಳಗೆ ಸದಾ ನಡೆಯುತ್ತಿದ್ದ ತಿಂಡಿಯ ಗದ್ದಲ ನಿಂತುಹೋಯಿತು ಅಂತ ತೆಗೆದುಕೊಂಡವರು ಹೇಳುತ್ತಾರೆ. ಅಷ್ಟೇ ಆಗಿದ್ದರೆ ತೊಡಕಿರಲಿಲ್ಲ. 2025ರ ಒಂದು ಸಣ್ಣ ಪ್ರಯೋಗದಲ್ಲಿ, 48 ಜನರ ಮೇಲೆ ನಡೆದದ್ದು, ಇದು ಕುಡಿತದ ಸೆಳೆತವನ್ನೂ ತಗ್ಗಿಸಿತು. ಅಂದರೆ ವಸ್ತುವಿಗೆ ಅಂಟಿಕೊಳ್ಳದ, ಎಲ್ಲದಕ್ಕೂ ಒಟ್ಟಿಗೆ ಅನ್ವಯಿಸುವ ಒಂದು 'ಸಾಕು' ಮಿದುಳಿನಲ್ಲಿ ಎಲ್ಲೋ ಇದೆಯಾ? ಇದ್ದರೆ ನನ್ನ ಹಣದ ಮಾತು ಪೂರ್ತಿ ನಿಲ್ಲುವುದಿಲ್ಲ.

ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವ ಗೆಳೆಯನೊಬ್ಬನನ್ನು ಕೇಳಿದೆ. "ಊಟ ರುಚಿ ಅನ್ನಿಸಲ್ವೇನೋ?" "ರುಚಿ ಇರುತ್ತೆ ಮಾರಾಯ. ಆದ್ರೆ ಅರ್ಧ ತಟ್ಟೆಗೆ ಮುಗೀತು ಅನ್ಸುತ್ತೆ, ಬೇಜಾರೂ ಆಗಲ್ಲ." ಬೇರೆ ಆಸೆಗಳೂ ಕಮ್ಮಿಯಾಗಿವೆಯಾ ಅಂತ ಕೇಳಿದೆ. ಅವನು ನಕ್ಕು ಮೊಬೈಲು ತೋರಿಸಿದ. ಶರ್ಟು, ಪ್ಯಾಂಟು, ಬೆಲ್ಟು, ಆರ್ಡರುಗಳ ಸಾಲು ಕೆಳಗಿನವರೆಗೂ ಇತ್ತು. "ಹಳೇದೆಲ್ಲ ಸಡಿಲ ಆಗಿದೆ ಕಣೋ. ಇದಂತೂ ಎಷ್ಟು ತಗೊಂಡ್ರೂ ಸಾಕು ಅನ್ನಿಸ್ತಾನೇ ಇಲ್ಲ."